ಶಿವಮೊಗ್ಗಕ್ಕಿಂತ ಹತ್ತಿರದ ಮಸ್ಕತ್

ನಾನು ಒಂದು ಬಿಳಿ ಥರ್ಮಾಕೋಲ್ ಪೆಟ್ಟಿಗೆ. ಸಾಸಿವೆಯಂಥ ಕಾಳುಗಳನ್ನು ಅಚ್ಚಿಗೆ ಸುರಿದು ಹಬೆ ಕೊಟ್ಟರು. ಕಾಳೆಲ್ಲ ಉಬ್ಬಿ ಒಂದನ್ನೊಂದು ಅಪ್ಪಿಕೊಂಡವು. ಹಾಗೆ ಬಿಸಿಯಲ್ಲಿ ಹುಟ್ಟಿದ ನನಗೆ ತಂಪು ಕಾಯುವ ಕೆಲಸ ಸಿಕ್ಕಿತು.

ಗಂಗೊಳ್ಳಿ ಬಂದರಿನಲ್ಲಿ ಮೀನು ಮಾರುವ ಸೀತು ನನ್ನನ್ನು ಕೊಂಡಳು. ಮೀನು, ಮಂಜುಗಡ್ಡೆ ತುಂಬಿ, ಘಾಟಿ ಹತ್ತುವ ಲಾರಿಯಲ್ಲಿ ಶಿವಮೊಗ್ಗದ ಮಾರುಕಟ್ಟೆಗೆ ಒಯ್ಯುತ್ತಿದ್ದಳು. ತಿರುವಿನಲ್ಲಿ ಲಾರಿ ವಾಲಿದಾಗ ಮಗುವನ್ನು ಹಿಡಿದಂತೆ ನನ್ನ ಮೇಲೊಂದು ಕೈ ಇಡುತ್ತಿದ್ದಳು.

ಅವಳ ಮಗಳು ಲೋಲಾಕ್ಷಿ ಮಸ್ಕತ್‌ನಲ್ಲಿದ್ದಳು. ಗಂಡ ಅಲ್ಲಿ ಹೋಟೆಲಿನ ಅಡುಗೆಯವ. ಏಳು ತಿಂಗಳ ಬಸುರಿಗೆ ತಿಂದದ್ದೊಂದೂ ಒಳಗೆ ನಿಲ್ಲುತ್ತಿರಲಿಲ್ಲ. ಬೇಕೆನಿಸಿದ್ದು ಅಬ್ಬಿಯ ಕೈಯ ಬಂಗುಡೆ ಮೀನು ಮಾತ್ರ. ಅಬ್ಬಿ ಅಂದರೆ ಅಮ್ಮ. ಬಸುರಿ ಮಗಳ ಬಯಕೆಗೆ ತಾಯಿಯೇ ಕೈಯಾರೆ ಉಣ್ಣಿಸುವುದು ಅವರಲ್ಲಿ ರೂಢಿ. ಆದರೆ ಸೀತುವಿಗೆ ಪಾಸ್‌ಪೋರ್ಟ್ ಇರಲಿಲ್ಲ.

ಪಕ್ಕದ ಮನೆಯ ಶೇಷ ರಜೆ ಮುಗಿಸಿ ಮಸ್ಕತ್‌ಗೆ ಹೊರಟಿದ್ದ.

"ಏ ಶೇಷ, ವಿಮಾನದಗೆ ಎಷ್ಟ್ ಹೊತ್ತ್ ಆತ್ತ್?"

"ಮಂಗ್ಳೂರಿಂದ ಮೂರ್ ಗಂಟೆ, ಚಿಕ್ಕಿ."

"ಮೂರೇ? ಹಂಗಾರೆ ಶಿವಮೊಗ್ಗಕ್ಕಿಂತ ಹತ್ರ ಆಯ್ತಲ್ಲ ಮಾರಾಯ!"

"ಹೌದ್, ನಡುವಗೆ ಒಂದ್ ಸಮುದ್ರ ಇತ್ತಷ್ಟೇ. ಮೀನ್ ಬುಟ್ಟಿ ಹೊತ್ಕಂಡ್ ನೆಡ್ಕಂಡೇ ಬನ್ನಿ," ಎಂದು ಶೇಷ ನಕ್ಕ.

ಸೀತು ಮೀನು ಸೀಳಿ ಮಸಾಲೆ ಸವರಿ ನನ್ನೊಳಗೆ ಮಲಗಿಸಿದಳು. ಮಂಜುಗಡ್ಡೆಯನ್ನು ಮಾತ್ರ ಶಿವಮೊಗ್ಗದ ಲೆಕ್ಕದಲ್ಲೇ ಹಾಕಿದಳು. ಲಾರಿ ತುಂಬಿದ ಕೂಡಲೇ ಹೊರಡುತ್ತದೆ, ಹೊರಟದ್ದು ಮುಟ್ಟುತ್ತದೆ. ವಿಮಾನವೂ ಹಾಗೇ ಎಂದುಕೊಂಡಿದ್ದಳು.

ಶೇಷ ನನ್ನನ್ನು ಎತ್ತಿಕೊಂಡು ಹೊರಟ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಲು, ತೂಕ, ಮತ್ತೆ ಸಾಲು. ಅಷ್ಟಾದ ಮೇಲೆ ವಿಮಾನ ತಡ ಎಂದರು. ತಗಡಿನ ಮಾಡಿನಡಿ ಮಧ್ಯಾಹ್ನವಿಡೀ ಬಿದ್ದಿದ್ದೆ. ಒಳಗೆ ಮಂಜು ನೀರಾಗುವ ಸದ್ದು ನನಗೊಬ್ಬನಿಗೇ ಕೇಳುತ್ತಿತ್ತು. ಮುಚ್ಚಳ ಬಿಗಿಹಿಡಿದೆ. ಬಿಗಿಹಿಡಿದರೆ ಎಷ್ಟು ಹೊತ್ತು!

ಮಸ್ಕತ್‌ನಲ್ಲಿ ಶೇಷ ನನ್ನನ್ನು ಲೋಲಾಕ್ಷಿಗೆ ಒಪ್ಪಿಸಿದ. ಮುಚ್ಚಳ ತೆರೆದವಳು ಮೂಗು ಮುಚ್ಚಿ ಬಚ್ಚಲಿಗೆ ಓಡಿದಳು. ಮರಳಿ ಬಂದು ಒಂದು ಮೀನನ್ನು ಅಂಗೈಯಲ್ಲಿಟ್ಟುಕೊಂಡಳು.

"ಬೇಡ ಮಾರಾಯ್ತಿ, ತಿಂಬುಕ್ ಆಗ," ಎಂದ ಗಂಡ.

"ತಿಂತಿಲ್ಲೆ. ಅಬ್ಬಿ ಹ್ಯಾಂಗೆ ಸೀಳಿದ್ದಳ್ ಕಾಣಿ," ಎಂದು ಆ ಗೀರುಗಳ ಮೇಲೆ ಬೆರಳಾಡಿಸಿದಳು.

ಅಷ್ಟರಲ್ಲಿ ಸೀತುವಿನ ಫೋನ್ ಬಂತು.

"ಹ್ಯಾಂಗಿತ್ತ್ ಹೆಣೆ?"

"ಲಾಯ್ಕ್ ಇತ್ತ್ ಅಬ್ಬಿ."

"ಸುಳ್ಳ್ ಹೇಳ್ಬೇಡ. ತಿಂದಿದ್ರೆ, ಇನ್ನೊಂದ್ ಸರ್ತಿ ಕಳ್ಸು ಅಂತಿದ್ದೆ ನೀನ್."

ಮಗಳು ಅತ್ತಳು. ತಾಯಿ ಅಳಲಿಲ್ಲ. "ನಾನೇ ಬತ್ತೆ," ಎಂದಳು.

ಅದಾಗಿ ವರ್ಷ ಕಳೆದಿದೆ. ಸೀತು ಯಾವಾಗ ಹುಟ್ಟಿದಳೆಂಬುದಕ್ಕೆ ಕಾಗದವಿಲ್ಲ ಎಂದು ಪಾಸ್‌ಪೋರ್ಟ್ ಕಚೇರಿಯವರು ಅವಳನ್ನು ಇನ್ನೂ ಅಲೆಸುತ್ತಿದ್ದಾರಂತೆ. ನನ್ನ ಅಂಚು ಮುರಿದಿದೆ. ಲೋಲಾಕ್ಷಿಯ ಬಾಲ್ಕನಿಯ ಮೂಲೆಯಲ್ಲಿ ಮಣ್ಣು ತುಂಬಿಸಿಕೊಂಡು ಬಸಳೆ ಬೆಳೆಸುತ್ತಿದ್ದೇನೆ. ಮೇಲೆ ವಿಮಾನಗಳು ಹೋಗುತ್ತವೆ. ಮನಸ್ಸಿನ ಆಸೆ ಎಂದೋ ಅವುಗಳಲ್ಲಿ ಕೂತು ಬಂದಿರುತ್ತದೆ, ಮೈ ಮಾತ್ರ ಅಲ್ಲೇ ಸಾಲಿನಲ್ಲಿ ನಿಂತಿರುತ್ತದೆ.

ಸಂಜೆ ಲೋಲಾಕ್ಷಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಇಲ್ಲಿಗೆ ಬಂದು ಫೋನ್ ಹಿಡಿಯುತ್ತಾಳೆ. ತೆರೆಯ ಮೇಲೆ ಸೀತು ಅನ್ನ ಕಲೆಸಿ, ಮೀನಿನ ಮುಳ್ಳು ಬಿಡಿಸಿ, ತುತ್ತು ಮಾಡಿ ಮುಂದೆ ಚಾಚುತ್ತಾಳೆ.

ಮಗು ಬಾಯಿ ತೆರೆಯುತ್ತದೆ.