ಮೂರು ಬೆರಳಿನ ಮಡಿಕೆ

ಗರಗಸ ಅನ್ನುವುದಕ್ಕೆ ಇದು ತೀರ ಚಿಕ್ಕದು, ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಸದ್ದು ಮಾತ್ರ ಇಡೀ ಬಾಲಾನಗರದ ಕಾರ್ಖಾನೆಗಳದ್ದು — ಪ್ಲಾಸ್ಟರಿನ ಪುಡಿ ಹಾರಿ ಕಾಂಪೌಂಡರನ ಕರೀ ಮೀಸೆ ನರೆಯಿತು, ಇಷ್ಟು ಬೇಗ ಮುದುಕನಾದೆಯಾ ಅಂತ ಗೋದಾವರಿ ತೆಲುಗಿನಲ್ಲಿ ಅವನನ್ನು ಛೇಡಿಸುತ್ತಾಳೆ, ಐದು ವರ್ಷದ ನನ್ನ ಮಗಳು, ನಾಲ್ಕು ತಿಂಗಳು ಕಂಕುಳಿಂದ ಸೊಂಟದವರೆಗೆ ಸುಣ್ಣದ ಗಡಿಗೆಯೊಳಗೆ ಮಲಗಿದವಳು, ಅವನು ಅವುನಮ್ಮಾ, ಹೌದು ತಾಯಿ, ಅನ್ನುತ್ತಾನೆ, ಗಡಿಗೆ ಸೀಳುತ್ತಾನೆ — ಬೆನ್ನಿನ ಮೂಳೆ ಕೂಡಿದೆ ಅಂದಿದ್ದಾರೆ ಡಾಕ್ಟರು, ನೆಟ್ಟಗಾಗಿದೆಯೋ ಇಲ್ಲವೋ ನಿಂತಾಗ ನೋಡೋಣ ಅಂದಿದ್ದಾರೆ, ಆಮೇಲೆ ಆರಾಮಾಗಿ ಚಹಾ ಕುಡಿದಿದ್ದಾರೆ. ನನ್ನ ತೊಡೆಯ ಮೇಲೆ ಅವಳ ಹಸಿರು ಪರಕಾರ, ಜರಿ ಅಂಚಿನ ಲಂಗ, ಎಡಗಡೆ ಮೂರು ಬೆರಳು ಒಳಗೆ ಮಡಚಿ ಹೊಲಿದದ್ದು. ಆ ಹೊಲಿಗೆ ಬಿಚ್ಚಲಿಲ್ಲ ನಾನು. ಬಿಚ್ಚಿದರೆ ದುರಾಸೆ, ಬಿಚ್ಚದಿದ್ದರೆ ಅಪಶಕುನ, ಎರಡರ ನಡುವೆ ಕತ್ತರಿ ಹಿಡಿದು ಕೂತು ಬೆಳಗಿನ ಬಸ್ಸು ತಪ್ಪಿಸಿಕೊಂಡೆ. ಅರ್ಧ ಕಾಚಿಗುಡದ ರವಿಕೆ ಹೊಲಿಯುವವಳು, ಸುಹಾಸಿನಿಬಾಯಿ ಕೈ ಅಂದರೆ ಕೈ ಅಂತ ಹೊಗಳಿಸಿಕೊಂಡವಳು, ಮಗಳ ಪರಕಾರ ಎಡಕ್ಕೆ ಇಳಿದರೆ ಏನು ಮಾಡಿದೆ, ಎಡಗಡೆ ಮಡಚಿದೆ, ಅಷ್ಟೇ. ನೆಟ್ಟಗ ನಿಂದರು ಅಂತ ಅಳತೆ ಟೇಪಿನಿಂದ ತೊಡೆಗೆ ಒಂದು ಬಿಟ್ಟೆ ಕೂಡ. ನಿಂತೇ ಇದ್ದಳು ಪಾಪ, ತನಗೆ ಬಂದಷ್ಟು ನೆಟ್ಟಗೆ.

ತೊಂಬತ್ತಮೂರರ ದಸರಾ. ಪಕ್ಕದ ಮನೆಯ ಶಿವದೇವಿಯ ಮಗಳು ನಮ್ಮಲ್ಲಿಗೆ ಬಂದು ಮೈಮೇಲೆ ಪಾಯಸ ಚೆಲ್ಲಿಕೊಂಡಳು, ಅವಳಿಗೆ ಗೋದಾವರಿಯ ಇದೇ ಹಸಿರು ಪರಕಾರ ಉಡಿಸಿದೆವು, ಉಟ್ಟು ನಿಂತರೆ ಎಡಗಾಲಿನ ಗೆಜ್ಜೆ ಕಾಣುತ್ತದೆ, ಬಲಗಾಲಿನದು ಇಲ್ಲ. ಮುಚ್ಚಲಿಕ್ಕೆಂದು ದೇವರು ಕೊಟ್ಟದ್ದಲ್ಲ ಶಿವದೇವಿಯ ಬಾಯಿ — ಏನ್ರೀ ಸುಹಾಸಿನಿಬಾಯಿ, ಇವತ್ತ ನಿಮ್ಮ ಕೈ ತಪ್ಪೈತಲ್ರಿ. ನಕ್ಕೆ, ನಗೆ ಅರ್ಧಕ್ಕೆ ನಿಂತಿತು. ಆ ಹುಡುಗಿ ನೆಟ್ಟಗಿದ್ದಾಳೆ, ಕೈ ತಪ್ಪಿಲ್ಲ, ಹಾಗಾದರೆ — ಒಳಗೆ ಹೋಗಿ ಗೋದಾವರಿಯ ಪೋಲ್ಕ ಬಿಚ್ಚಿ ಬೆನ್ನಿನ ಮೇಲೆ ಬೆರಳಾಡಿಸಿದೆ, ಕಚಗುಳಿ ಇಡಬ್ಯಾಡ ಅವ್ವಾ ಅಂದಳು, ನಡುವಿನ ಹತ್ತಿರ ಬೆರಳು ದಾರಿ ತಪ್ಪಿತು. ಮನೆಯಲ್ಲಿ ಅಳತೆಯವರು ಇಬ್ಬರು; ಗಂಡ ವಾಸುದೇವ ಕಾರ್ಖಾನೆಯಲ್ಲಿ ಉಕ್ಕಿನ ದಂಡ ಪರೀಕ್ಷೆ ಮಾಡುವವರು, ಕೂದಲೆಳೆ ಡೊಂಕಿದ್ದರೆ ಮಣಭಾರದ ಕಬ್ಬಿಣ ವಾಪಸು ಕಳಿಸುವವರು. ಇಬ್ಬರಿಗೂ ಕಾಣಲಿಲ್ಲ. ಡಾಕ್ಟರ್ ರಾಮಕೃಷ್ಣ ಎಕ್ಸರೇ ಕಿಟಕಿಗೆ ಹಿಡಿದರು, ಮೂಳೆಗಳ ಸಾಲಿನಲ್ಲಿ ಒಂದು ಮಾತ್ರ ಅರ್ಧ, ಸಮೋಸಾದ ಹಾಗೆ, ಪಿಲ್ಲ ಎದಿಗೇ ಕೊದ್ದೀ ಇದಿ ಪೆರುಗುತುಂದಮ್ಮಾ — ಕೂಸು ಬೆಳೆದಷ್ಟೂ ಡೊಂಕು ಬೆಳೆಯುತ್ತದೆ. ಅರ್ಧ ಮೂಳೆ ತೆಗೆಯಬಹುದು. ನೂರರಲ್ಲಿ ಇಬ್ಬರಿಗೆ ಕಾಲು ಹೋಗಬಹುದು. ಕಾಯುವುದಾದರೂ ಕಾಯಬಹುದು, ನಿರ್ಧಾರ ನಿಮ್ಮದು. ನಮ್ಮ ಕಾರ್ಖಾನ್ಯಾಗ ನೂರಕ್ಕ ಎರಡು ಅಂದ್ರ ಭಾಳ ಛಲೋ ಡಾಕ್ಟ್ರ ಅಂದರು ಇವರು, ಅಂದು, ವರಾಂಡಕ್ಕೆ ಹೋಗಿ ಅಲ್ಲಿಯ ಬೇವಿನ ಮರವನ್ನು ಬಹಳ ಹೊತ್ತು ಪರೀಕ್ಷೆ ಮಾಡಿದರು, ಕಣ್ಣು ಕೆಂಪಗೆ ಮಾಡಿಕೊಂಡು ಬಂದರು.

ಅತ್ತೆ ಅಂಬುಬಾಯಿ ಬೇಡವೇ ಬೇಡ ಅಂದರು. ಓಡ್ಯಾಡೋ ಕೂಸಿನ ಬೆನ್ನು ಸೀಳಸ್ತೀಯೇನ, ಕಾಲು ಹೋದ್ರ ನೀ ಹೊತ್ತು ತಿರಗತೀಯೇನ, ನಾಳೆ ಯಾರು ಮಾಡ್ಕೋತಾರ. ಚಾರ್ಮಿನಾರಿನ ಮೂಳೆ ಕೂಡಿಸುವ ಪೈಲ್ವಾನನ ಎಣ್ಣೆ ತಂದರು, ಮಠಕ್ಕೆ ಹರಕೆ ಹೊತ್ತರು, ದೊಡ್ಡಾಕಿ ಆಗಲಿ ತಡಿ ಅಂದರು, ನಾನೂ ತಡೆದೆ, ಕಾಲು ಅನ್ನುವ ಮಾತಿಗೆ ಯಾವ ತಾಯಿ ತಡೆಯುವುದಿಲ್ಲ — ಆಮೇಲೆ ಒಂದು ಮಧ್ಯಾಹ್ನ ಟ್ರಂಕು ತೆಗೆದು ಮೂರು ಪರಕಾರ ಅವರ ಮುಂದೆ ಹಾಸಿದೆ. ಯುಗಾದಿಯದು, ಶ್ರಾವಣದ್ದು, ದಸರೆಯದು. ಎಕ್ಸರೇ ಓದಲಿಕ್ಕೆ ಬಾರದವರು, ಆದರೆ ನನಗೆ ಸೂಜಿ ಹಿಡಿಯಲಿಕ್ಕೆ ಕಲಿಸಿದವರೇ ಅವರು. ಅಂಚು ಮಗುಚಿ ಒಂದೊಂದರ ಮಡಿಕೆಗೂ ಬೆರಳಿಟ್ಟು ನೋಡಿದರು, ಒಂದು ಬೆರಳು, ಎರಡು, ಮೂರು, ಪೈಲ್ವಾನನ ಎಣ್ಣೆ ಮೂರನೆಯದಕ್ಕೂ ಮೆತ್ತಿತು. ಮುಂದಿನ ದಸರಾಕ್ಕ ಎಷ್ಟ ಬೆರಳs? ಅಂದರು. ನಾನು ನಾಲ್ಕು ಬೆರಳು ಎತ್ತಿ ತೋರಿಸಿದೆ. ಕೈ ಸೀರೆಗೆ ಒರೆಸಿಕೊಂಡು, ನನ್ನನ್ನೇನ ಕೇಳ್ತಿ, ಹೋಗು, ನಾಳೆ ಗುರುವಾರ, ಛಲೋ ದಿನಾನs ಅದ ಅಂದರು. ಆಪರೇಷನ್ನಿಗೆ ತಂದೆಯ ಸಹಿ ಅಂದ ಆಸ್ಪತ್ರೆಯ ಗುಮಾಸ್ತ, ತಂದೆಯ ಪೆನ್ನು ಕಾಗದದ ಮೇಲೆ ಹದ್ದಿನ ಹಾಗೆ ಸುತ್ತುತ್ತಿದೆ, ಇಳಿಯುವುದಿಲ್ಲ, ಕಸಿದುಕೊಂಡು ನಾನೇ ಹಾಕಿದೆ, ಸುಹಾಸಿನಿ, ಗುಂಡಿಯ ಕಾಜಾ ಹೊಲಿದಷ್ಟು ಗಟ್ಟಿ. ಆಮೇಲೆ ಆರು ತಾಸು ಆಪರೇಷನ್ ಕೋಣೆಯ ಹೊರಗೆ ಕೂತೆ, ಬಾಗಿಲು ತೆರೆದು ಕಾಲ್ಬೆರಳು ಆಡತಾವ ಅಂತ ಇವರು ವಾರ್ಡಿನುದ್ದಕ್ಕೂ ಕೂಗಿಕೊಂಡು ಬರುವವರೆಗೆ.

ಸದ್ದು ನಿಂತಿತು. ಗಡಿಗೆ ಎರಡು ಹೋಳು, ನಡುವೆ ಹೊಸ ಬಟಾಟೆಯಂಥ ಮೈ, ಬೆನ್ನಿಗೆ ಉದ್ದ ಹೊಲಿಗೆ — ಡಾಕ್ಟರರ ಕೈ ಪರವಾಗಿಲ್ಲ, ಟಾಕು ತುಸು ದೂರದೂರ. ಪರಕಾರ ತಲೆಯ ಮೇಲಿಂದ ಇಳಿಸುತ್ತೇನೆ, ಲಾಡಿ ಕಟ್ಟುತ್ತೇನೆ, ಅಂಬುಬಾಯಿ ಬೆಳಗಿನಿಂದ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದ ಗೆಜ್ಜೆ ಬಿಚ್ಚಿ ಎರಡೂ ಕಾಲಿಗೆ ಹಾಕುತ್ತಾರೆ, ನಿಲ್ಲಮ್ಮಾ ಅನ್ನುತ್ತಾರೆ ಡಾಕ್ಟರು, ಕೈ ಬಿಡುತ್ತಾರೆ, ಕಾಲು ಗಡಗಡ, ನಿಂತಳು, ನಿಂತಿದ್ದಾಳೆ, ಇವರು ಒಂದು ಕಣ್ಣು ಮುಚ್ಚಿ ಕಾರ್ಖಾನೆಯಲ್ಲಿ ದಂಡ ನೋಡುವ ಹಾಗೆ ನೋಡುತ್ತಾರೆ, ಪಾಸ್ ಅನ್ನಲಿಕ್ಕೆ ಬಾಯಿ ಬರುವುದಿಲ್ಲ ಅವರಿಗೆ, ಅತ್ತೆಯ ಬಾಯಿಗೆ ಅಂಥ ತೊಂದರೆ ಇಲ್ಲ — ಅಯ್ಯ ಇದೇನs ಸುಹಾಸಿನಿ, ಸೊಟ್ಟ ಹೊಲದೀಯಲ್ಲ! ಹೌದ್ರೀ ಅತ್ಯಾ, ಸೊಟ್ಟ, ಮೂರು ಬೆರಳು ಸೊಟ್ಟ, ನೋಡ್ರಿ ಎಲ್ಲಾರೂ — ಹಸಿರು ಅಂಚು ಎಡಗಡೆ ಮೇಲೆ, ಕಾಣುತ್ತಿದೆ, ಎಡಗಾಲಿನ ಗೆಜ್ಜೆ, ಬಲಗಾಲಿನದು ಇಲ್ಲ, ಎಡಗಾಲಿನ ಗೆಜ್ಜೆ