ಬದಲಿಗೆ ಬಂದ ಡಿಸ್ಕ್

ಧ್ವನಿಪೆಟ್ಟಿಗೆ ತೆಗೆಸಿಕೊಳ್ಳುವವರ ದನಿಯನ್ನು ಆಪರೇಷನ್ನಿಗೆ ಮೊದಲೇ ಹಿಡಿದಿಡುವ ಕೋಣೆಯೊಂದು ಆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿತ್ತು. ಆಮೇಲೆ ಅವರು ಬರೆದದ್ದನ್ನು ಅಂಗೈಯಗಲದ ಯಂತ್ರವೊಂದು ಅವರದೇ ದನಿಯಲ್ಲಿ ಓದುತ್ತಿತ್ತು. ಆ ಕೆಲಸ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಮಾತಿನ ಮೇಡಂ ಎನ್ನುತ್ತಿದ್ದರು.

ದನಿಗಳನ್ನಿಟ್ಟಿದ್ದ ಹಾರ್ಡ್ ಡಿಸ್ಕ್ ಒಂದು ದಿನ ಹೇಳದೆ ಕೇಳದೆ ಕೈಕೊಟ್ಟಿತು. ಆಪರೇಷನ್ ಮುಗಿಸಿಕೊಂಡಿದ್ದ ಇಬ್ಬರ ದನಿ ಇನ್ನೂ ಅವರ ಯಂತ್ರ ಸೇರಿರಲಿಲ್ಲ. ಬೇರೆಲ್ಲೂ ಪ್ರತಿ ಇರಲಿಲ್ಲ. ಮೇಡಂ ತಾನೇ ಆ ಎರಡೂ ಮನೆಗೆ ಹೋಗಿ ವಿಷಯ ತಿಳಿಸಿದಳು. ಒಬ್ಬರ ಮಗಳು ಬೈಯಲಿಲ್ಲ, ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು ಎಂದು ಮೇಡಮ್ಮಿಗೆ ದಾರಿಯುದ್ದಕ್ಕೂ ಅನ್ನಿಸಿತು.

ವಾರಂಟಿ ಮುಗಿದಿರಲಿಲ್ಲವಾದ್ದರಿಂದ ಕಂಪನಿ ಬದಲಿ ಡಿಸ್ಕ್ ಕಳಿಸಿತು. ಆಸ್ಪತ್ರೆಯ ಸ್ಟೋರಿನವನು ಡಬ್ಬಿ ತಂದಿಟ್ಟ.

"ತಗೊಳ್ಳಿ ಮೇಡಂ, ಹೊಸಾದು ಬಂತು."

"ಹೊಸದಲ್ಲ. ಯಾರೋ ವಾಪಸ್ ಕೊಟ್ಟಿದ್ದನ್ನ ರಿಪೇರಿ ಮಾಡಿ ಕಳ್ಸಿದಾರೆ. ನೋಡಿ, ಸಣ್ಣಕ್ಷರದಲ್ಲಿ ಹಾಕಿದಾರೆ."

"ಪರೀಕ್ಷೆ ಮಾಡ್ದೆ ಕಳಿಸ್ತಾರಾ? ನಿಮಗೆಲ್ಲಾ ಅನುಮಾನ."

"ಅವರು ಮಾಡಿರ್ಲಿ. ನಾನೂ ಒಂದ್ಸಲ ಮಾಡ್ತೀನಿ."

ಡಿಸ್ಕಿನ ಮೂಲೆಮೂಲೆಗೂ ಬರೆಸಿ, ಬರೆದದ್ದನ್ನೆಲ್ಲ ಓದಿಸುವ ಪರೀಕ್ಷೆ ಎರಡು ದಿನ ನಡೆಯಿತು. ಮುನ್ನೂರು ಕಡೆ ಬರೆದದ್ದು ಓದಲು ಬರಲಿಲ್ಲ. ಸ್ಟೋರಿನವನು ಅದನ್ನು ಮತ್ತೆ ಡಬ್ಬಿಗೆ ತುಂಬಿ ವಾಪಸ್ ಕಳಿಸಿದ.

ಎರಡನೆಯ ಬದಲಿ ಬಂದು ಪರೀಕ್ಷೆ ದಾಟಿದ ಹೊತ್ತಿಗೆ ಒಬ್ಬ ನಿವೃತ್ತ ಬಸ್ ಕಂಡಕ್ಟರು ಹೆಂಡತಿಯ ಜೊತೆ ಬಂದರು. ಮೂರು ದಿನ ಕೂತು ಸಾವಿರದಿನ್ನೂರು ವಾಕ್ಯ ಓದಿದರು. ಗಂಟಲು ಕಟ್ಟಿದಾಗ ನೀರು ಕುಡಿದು, ಓದಿದ್ದನ್ನೇ ಮತ್ತೆ ಓದಿದರು. ಕೊನೆಗೆ ಡಿಸ್ಕಿನ ಕಡೆ ಕೈ ತೋರಿಸಿ ಕೇಳಿದರು: "ಇದು ಗಟ್ಟಿ ಇದೆಯೇನಮ್ಮ?"

ಮೇಡಂ ಸುಳ್ಳು ಹೇಳಲಿಲ್ಲ. "ನಂಬಕ್ಕಾಗಲ್ಲ ಸಾರ್. ವಾರಂಟಿಲಿ ಬದಲಿ ಅಂತ ಯಾರದೋ ಹಳೇದನ್ನೇ ರಿಪೇರಿ ಮಾಡಿ ಕಳಿಸ್ತಾರೆ. ಅದಕ್ಕೇ ನಿಮ್ಮ ದನೀನ ಮೂರು ಕಡೆ ಇಡ್ತಿದೀನಿ."

"ಹಾಗೆ ಬಾಯ್ಬಿಟ್ಟು ಹೇಳಿದ್ರಲ್ಲ, ಸಾಕು," ಎಂದು ಎದ್ದರು.

ಆಪರೇಷನ್ ಸಸೂತ್ರವಾಗಿ ಆಯಿತು. ಐದು ತಿಂಗಳಾದ ಮೇಲೆ ಅವರ ಮಾತಿನ ಯಂತ್ರ ಕೆಟ್ಟಿತು. ಅದಕ್ಕೂ ವಾರಂಟಿಯಲ್ಲಿ ಬದಲಿ ಬಂತು, ಒಳಗೆ ದನಿಯಿಲ್ಲದೆ. ತುಂಬಿಸಲು ಮೇಡಂ ಡಿಸ್ಕ್ ಹಚ್ಚಿದರೆ ಅದು ನಾಲ್ಕು ಸಲ ಟಕ್ ಟಕ್ ಎಂದು ಸುಮ್ಮನಾಯಿತು. ಅವಳು ಎದ್ದು, ಬೀರುವಿನಲ್ಲಿದ್ದ ಎರಡನೆಯ ಪ್ರತಿ ತಂದು ಹಚ್ಚಿದಳು. ಎಲ್ಲ ವಾಕ್ಯಗಳೂ ಸರಿಯಾಗಿದ್ದವು.

ಕಂಡಕ್ಟರು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಬೆರಳಲ್ಲಿ ನಿಧಾನವಾಗಿ ಬರೆದರು. ಅವರದೇ ಗಡಸು ದನಿ ಕೋಣೆ ತುಂಬಿತು: "ಇದೂ ಯಾರದೋ ಹಳೇದೇ ತಾನೇ?"

"ಹೌದು ಸಾರ್."

ಇನ್ನಷ್ಟು ಬರೆದರು. "ಹಾಗಾದ್ರೆ ನನ್ನ ದನಿ ನಮ್ಮನೇಲೂ ಒಂದಿರ್ಲಿ."

ಮೇಡಂ ಪೆನ್‌ಡ್ರೈವಿಗೆ ತುಂಬಿಸಿ, ಅಲ್ಲೇ ಒಂದು ಸಲ ಪೂರ್ತಿ ಓದಿಸಿ ನೋಡಿ ಕೊಟ್ಟಳು. ಹೆಂಡತಿ ಅದನ್ನು ಕೈಚೀಲದ ಒಳಜೇಬಿಗೆ ಸೇರಿಸಿ ಜಿಪ್ ಎಳೆದರು. ಇಬ್ಬರೂ ನಿಂತುನಿಂತು ಮೆಟ್ಟಿಲಿಳಿಯುವಾಗ ಕಂಡಕ್ಟರ ದನಿ ಹೆಂಡತಿಯ ಜೊತೆ ಏನೋ ವಾದ ಮಾಡುವುದು ಕೇಳಿಸುತ್ತಿತ್ತು. ಮೇಡಂ ಸ್ಟೋರಿಗೆ ಫೋನು ಮಾಡಿ, ಮೂರನೆಯ ಬದಲಿಗೆ ಅರ್ಜಿ ಹಾಕಿಸಿದಳು.