ಚುಕ್ಕಿರಾಯರು ಕೂತು ಓದಿದ ಕಾದಂಬರಿ

ಚುಕ್ಕಿರಾಯರು ಕೂತು ಓದಿದವರೇ ಅಲ್ಲ. ಕೈಗೆ ಅಚ್ಚಿನ ಕರಡು ಬಂತೆಂದರೆ, ಮೊಣಕೈ ಸವೆದ ಬೂದು ಕೋಟಿನ ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು, ನಮ್ಮ ಮುದ್ರಣಾಲಯದ ಈ ಗೋಡೆಯಿಂದ ಆ ಗೋಡೆಗೆ ಶತಪಥ ತಿರುಗುತ್ತ, ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಿದ್ದರು. ಕತೆಯ ಓಟಕ್ಕೆ ಮರುಳಾದ ಕಣ್ಣು ತಪ್ಪನ್ನು ನುಂಗಿಬಿಡುತ್ತದೆ, ಆದ್ದರಿಂದ ಕರಡು ತಿದ್ದುವವನು ಕತೆಗೆ ಬೆನ್ನು ಹಾಕಿಯೇ ನಡೆಯಬೇಕು ಎಂಬುದು ಅವರ ವೃತ್ತಿಧರ್ಮ.

ಹೀಗೆ ತಿದ್ದಿದ ಕಾದಂಬರಿಯೊಂದಕ್ಕೆ ಆ ವರ್ಷದ ದೊಡ್ಡ ಪ್ರಶಸ್ತಿ ಬಂದು ಊರೆಲ್ಲ ಅದರ ಮಾತೇ ಆದಾಗ, ರಾಯರಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಕತೆ ಏನೆಂದು ಯಾರಾದರೂ ಕೇಳಿದರೆ, ಒತ್ತಕ್ಷರಗಳು ಬಹಳ ಕಾಟ ಕೊಟ್ಟವೆಂದು ಹೇಳಿ ಜಾರಿಕೊಳ್ಳುತ್ತಿದ್ದರು.

ಜಾರಿಕೊಳ್ಳಲಾಗದೆ ಸಿಕ್ಕಿಬಿದ್ದದ್ದು ಅಕ್ಕನ ಕೈಯಲ್ಲಿ. ತಾಯಿಯಿಲ್ಲದ ತಮ್ಮನಿಗೆ ಕತೆ ಹೇಳಿ ಅನ್ನ ಉಣ್ಣಿಸಿ ಬೆಳೆಸಿದವಳು ಆಕೆ. ಅದೇ ಕಾದಂಬರಿಯನ್ನು ಅರ್ಧ ಓದಿದ್ದಾಗಲೇ ಆಕೆಗೆ ಶಸ್ತ್ರಚಿಕಿತ್ಸೆಯಾಗಿ ಎರಡು ಕಣ್ಣಿಗೂ ಪಟ್ಟಿ ಬಿದ್ದಿತ್ತು. ದೃಷ್ಟಿ ಮರಳುವುದು ಖಚಿತವಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಇನ್ನು ಯಾವ ಪುಸ್ತಕವೂ ತನಗಿಲ್ಲವೇನೋ ಎಂದು ಹೆದರಿದ ಆಕೆ, ಇದನ್ನಾದರೂ ತಮ್ಮ ಓದಿ ಮುಗಿಸಬೇಕೆಂದು ಹಟ ಹಿಡಿದಳು.

ರಾಯರು ಕೋಣೆಯಲ್ಲಿ ತಿರುಗುತ್ತಲೇ ಶುರುಮಾಡಿದರು. ಮುದ್ರಣಾಲಯದಲ್ಲಿ ಒಬ್ಬ ಹಸ್ತಪ್ರತಿ ಹಿಡಿದು ಕೂತು, ಇನ್ನೊಬ್ಬ ಕರಡನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುವುದುಂಟಲ್ಲ, ಅದೇ ವರಸೆ: ಮುದುಕಿ ಬೀದಿಗೆ ಬಂದಳು ಚುಕ್ಕಿ ಗಾಳಿಯಿರಲಿಲ್ಲ ಕಾಮಾ ಜನರಿರಲಿಲ್ಲ ಚುಕ್ಕಿ.

“ಏನೋ ಇದು, ಕತೆ ಓದ್ತಿದೀಯೋ, ಅಕ್ಕೀಲಿ ಕಲ್ಲು ಆರಿಸ್ತಿದೀಯೋ?” ಎಂದಳು ಅಕ್ಕ. “ಮೊದಲು ಕೂತ್ಕೋ.”

ಕೂತರು. ಮೊಣಕಾಲು ಮಾತ್ರ ಕುಣಿಯುತ್ತಲೇ ಇತ್ತು. ಮುನಿದು ಹೋದ ಮಗಳನ್ನು ಹುಡುಕಿಕೊಂಡು ಬೀದಿಬೀದಿ ಅಲೆಯುವ ತಾಯಿಯ ಹಿಂದೆ ಅವರ ದನಿಯೂ ಒಲ್ಲದ ಮನಸ್ಸಿನಿಂದ ಹೊರಟಿತು. ಯಾವ ತಿರುವಿನಲ್ಲಿ ಚುಕ್ಕಿ, ಕಾಮಾಗಳು ಉದುರಿಹೋದವೋ, ಮೊಣಕಾಲು ಯಾವಾಗ ನಿಂತಿತೋ ಅವರಿಗೇ ತಿಳಿಯಲಿಲ್ಲ. ಕೊನೆಗೂ ಆ ತಾಯಿ ಮಗಳ ಮನೆಯ ಬಾಗಿಲು ತಟ್ಟಿದಳು. ‘ಒಳಗೆ ದೀಪವಿತ್ತು, ಬಾಗಿಲು ತೆರೆಯಲಿಲ್ಲ’ ಎಂದು ಓದಿದರು. ‘ಒಳಗೆ ದೀಪವಿತ್ತು, ಬಾಗಿಲು ತೆರೆಯಲಿಲ್ಲ’ ಎಂದು ಮತ್ತೊಮ್ಮೆ ಓದಿದರು.

ಅಕ್ಕ ಅವರ ಕೈಯನ್ನು ತಡಕಿ ಹಿಡಿದಳು. “ಎರಡು ಸಲ ಬರೆದಿರೋದು ನೋಡು, ಅಲ್ಲೇ ಕಣೋ ಕರುಳು ಕಿವುಚೋದು.”

ರಾಯರು ಬೆಚ್ಚಿಬಿದ್ದರು. ಹಸ್ತಪ್ರತಿಯಲ್ಲಿ ಆ ಸಾಲು ಇದ್ದದ್ದು ಒಂದೇ ಸಲ. ಅಚ್ಚಿನಲ್ಲಿ ಮರುಕಳಿಸಿದ್ದನ್ನು ಹಿಡಿಯಬೇಕಾದವರು ಅವರೇ, ಹಿಡಿದಿರಲಿಲ್ಲ. ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು, ಪೆನ್ಸಿಲನ್ನು ಮುಟ್ಟಿತು, ಬರಿದೇ ಹಿಂದಕ್ಕೆ ಬಂತು.

“ಹೂಂ,” ಎಂದರು. “ಇರಕ್ಕ, ಮುಂದೇನಾಗುತ್ತೋ ನೋಡೋಣ.”

ಆ ದಿನ ಪುಸ್ತಕ ಮುಗಿಯುವ ತನಕ ಕೂತಲ್ಲಿಂದ ಏಳಲಿಲ್ಲವೆಂದು ಅವರೇ ಒಮ್ಮೆ ನಮ್ಮೆದುರು ಒಪ್ಪಿಕೊಂಡರು. ಪರರ ಸುಖದ ಹಾದಿಯಲ್ಲಿ ಕಲ್ಲುಮುಳ್ಳು ಆಯುವುದೇ ಬದುಕಾದ ಇಂಥವರು ಆ ಹಾದಿಯಲ್ಲಿ ತಾವೂ ನಡೆಯಬಹುದೆಂಬುದನ್ನೇ ಮರೆತುಬಿಡುತ್ತಾರೆ. ಅವರಿಗೆ ರಸಜ್ಞತೆ ಇಲ್ಲವೆಂದಲ್ಲ. ಗದರಿ ಕೂರಿಸಲು ಒಬ್ಬ ಅಕ್ಕ ಬೇಕು, ಅಷ್ಟೆ.